ಮೂರನೆಯ ಬಂದೂಕು

ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ತಮ್ಮ ಆಯುಧಗಳನ್ನು ಶಮೀವೃಕ್ಷದ ಮೇಲೆ ಕಟ್ಟಿಟ್ಟು ವಿರಾಟನಗರವನ್ನು ಹೊಕ್ಕರೆಂಬ ಕಥೆಯನ್ನು ಅರಿಯದವರಿಲ್ಲ. ಆದರೆ ವರ್ಷದ ಕೊನೆಗೆ ಉತ್ತರಕುಮಾರನು ಆ ಮರವನ್ನೇರಿ ಗಂಟು ಬಿಚ್ಚಿದಾಗ ನಡೆದ ಸಂಭಾಷಣೆಯನ್ನು ನಿಂತು ಓದುವವರು ಕಡಿಮೆ. ಬಂಗಾರದ ಗುರುತುಳ್ಳ ಈ ಬಿಲ್ಲು ಯಾರದು, ಈ ಬತ್ತಳಿಕೆ ಯಾರದು, ಈ ಖಡ್ಗ ಯಾರದು ಎಂದು ಅವನು ಒಂದೊಂದರ ಚಿಹ್ನೆಯನ್ನೂ ವರ್ಣಿಸಿ ಕೇಳುತ್ತಾನೆ. ಬೃಹನ್ನಳೆಯ ವೇಷದ ಅರ್ಜುನನು ಒಂದೊಂದಕ್ಕೂ ಒಡೆಯನ ಹೆಸರನ್ನು ಹೇಳುತ್ತಾನೆ. ಶತ್ರುಸೈನ್ಯವು ಗೋವುಗಳನ್ನು ಅಟ್ಟಿಕೊಂಡು ಹೋಗುತ್ತಿರುವ ಹೊತ್ತಿನಲ್ಲಿ ಈ ಪಟ್ಟಿಯೇಕೆಂದು ಅವಸರದ ಓದುಗನಿಗೆ ಅನಿಸೀತು. ಒಡೆಯನ ಹೆಸರು ಹೇಳಲು ಬಾರದ ಆಯುಧವು ಮುಟ್ಟಿದವನಿಗೆ ಭಯವನ್ನೇ ತರುವುದೆಂಬುದು ಹಿರಿಯರ ಅಭಿಪ್ರಾಯವಾಗಿರಬೇಕು.

2020ರಲ್ಲಿ ಖಾನಾಪುರ ತಾಲೂಕಿನ ಒಂದು ಕಾಡಂಚಿನ ಮನೆಯಲ್ಲಿ ಇಂಥದೇ ಪ್ರಸಂಗವೊದಗಿತು. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯ ಆ ಸೀಮೆಯು ಮಳೆಗೂ ಭತ್ತಕ್ಕೂ ಹೆಸರಾದದ್ದು. 2011ರಲ್ಲಿ ಭೀಮಗಡವು ವನ್ಯಜೀವಿಧಾಮವಾದ ಅರಣ್ಯವು ಅಲ್ಲಿಗೆ ದೂರವಲ್ಲ. ತೆನೆ ಹಾಲುಗಟ್ಟುವ ಕಾಲಕ್ಕೆ ಹಂದಿಯ ಹಿಂಡು ಗದ್ದೆಗೆ ಇಳಿಯಿತೆಂದರೆ ಬೆಳಗಾಗುವುದರೊಳಗೆ ವರ್ಷದ ಕೂಳು ಕೆಸರುಪಾಲಾಗುವುದು. ಅದಕ್ಕೆಂದೇ ಹಿಂದಿನವರು ಅಟ್ಟಣಿಗೆಯ ಮೇಲೆ ಕುಳಿತು, ಬಂದೂಕಿನ ಸಪ್ಪಳ ಮಾಡಿ ರಾತ್ರಿ ಕಳೆಯುತ್ತಿದ್ದರು. 1972ರ ವನ್ಯಜೀವಿ ಕಾಯಿದೆಯಿಂದೀಚೆಗೆ ಅಪ್ಪಣೆಯಿಲ್ಲದೆ ಮೃಗವಧೆ ಮಾಡುವಂತಿಲ್ಲವಾದರೂ ಮನೆಯ ಮೂಲೆಯಲ್ಲಿ ಬಂದೂಕುಗಳು ಉಳಿದುಕೊಂಡವು.

ಆ ಮನೆಯಲ್ಲಿ ಮೂರು ಇದ್ದವು. ಒಂದು, ಅಜ್ಜನ ಕಾಲದ, ಬಾಯಿಯಿಂದ ಮದ್ದು ತುಂಬುವ ಒಂಟಿ ನಳಿಗೆಯದು. ಇನ್ನೊಂದು ತಂದೆಯು ಬೆಳಗಾವಿಯಲ್ಲಿ ಕೊಂಡ ಹನ್ನೆರಡು ಬೋರಿನ ಜೋಡುನಳಿಗೆ. ಮೂರನೆಯದು ತೀರಿಹೋದ ತಮ್ಮನಿಂದ ಬಂದದ್ದು. ಮೂರಕ್ಕೂ ಯಜಮಾನರ ಹೆಸರಿನಲ್ಲಿ ಪರವಾನಿಗೆಯಿದ್ದಿತು. ಚುನಾವಣೆ ಬಂದಾಗಲೆಲ್ಲ ಮೂರನ್ನೂ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಪಾವತಿ ತೋರಿಸಿ ತರುತ್ತಿದ್ದರು. ಎಪ್ಪತ್ತು ದಾಟಿದ ಆ ಹಿರಿಯರ ನಡೆಯಲ್ಲಿ ಒಂದು ದಿನವೂ ಲೋಪವಿದ್ದಿಲ್ಲ.

ಹೀಗಿರಲು ಕಾಯಿದೆಯು ಬದಲಾಯಿತು. 1878ರ ಬ್ರಿಟಿಷರ ಶಸ್ತ್ರ ಕಾಯಿದೆಯ ಬದಲಿಗೆ ಸ್ವತಂತ್ರ ಭಾರತವು 1959ರಲ್ಲಿ ತನ್ನದನ್ನು ಮಾಡಿಕೊಂಡಿತು; ಅದು 1962ರಿಂದ ಜಾರಿಗೆ ಬಂದಿತು. 1983ರ ತಿದ್ದುಪಡಿಯು ಒಬ್ಬನಿಗೆ ಮೂರೇ ಬಂದೂಕುಗಳೆಂದು ಮಿತಿಯನ್ನಿಟ್ಟಿತು. 2019ರ ಡಿಸೆಂಬರದಲ್ಲಿ ಪಾರ್ಲಿಮೆಂಟು ಆ ಮೂರನ್ನು ಎರಡಕ್ಕೆ ಇಳಿಸಿತು. ಮೊದಲಿನ ಮಸೂದೆಯಲ್ಲಿ ಒಂದೇ ಎಂದಿದ್ದು, ಚರ್ಚೆಯ ನಂತರ ಎರಡಾಯಿತು. ವಂಶಪಾರಂಪರ್ಯವಾಗಿ ಬಂದವುಗಳಿಗೂ ಇದೇ ಮಿತಿ. ಹೆಚ್ಚಿನದನ್ನು ಒಂದು ವರ್ಷದೊಳಗೆ ಸಮೀಪದ ಠಾಣೆಗೋ ಪರವಾನಿಗೆಯುಳ್ಳ ವ್ಯಾಪಾರಿಗೋ ಒಪ್ಪಿಸತಕ್ಕದ್ದು. ಆ ಮೇಲೆ ತೊಂಬತ್ತು ದಿನಗಳಲ್ಲಿ ಅದರ ಪರವಾನಿಗೆ ರದ್ದಾಗತಕ್ಕದ್ದು. ಯಾವ ಎರಡನ್ನು ಉಳಿಸಿಕೊಳ್ಳಬೇಕೆಂಬುದು ಮಾತ್ರ ಒಡೆಯನ ಇಚ್ಛೆ.

ಮದ್ದು ತುಂಬುವ ಹಳೆಯ ಬಂದೂಕನ್ನೇ ಒಪ್ಪಿಸುವುದೆಂದು ಹಿರಿಯರು ನಿಶ್ಚಯಿಸಿದರು. ತೊಟ್ಟಿಲಲ್ಲಿದ್ದಾಗಿನಿಂದ ಕಂಡದ್ದನ್ನು ಕೊಡುವುದು ಸುಲಭವಲ್ಲವಾದರೂ, ಅದಕ್ಕೆ ಬೇಕಾದ ಮದ್ದೂ ಕೇಪೂ ಈಗ ಸುಲಭವಾಗಿ ಸಿಗುವಂತಿದ್ದಿಲ್ಲ. ಒಪ್ಪಿಸುವ ಮುಂಚೆ ಕಾಗದಗಳನ್ನು ಸರಿಯಾಗಿ ಜೋಡಿಸಬೇಕೆಂದು ಒಂದು ಹೊಸ ಚೋಪಡಿಯನ್ನು ತರಿಸಿ, ಪ್ರತಿಯೊಂದಕ್ಕೂ ಎರಡೆರಡು ಪುಟಗಳನ್ನು ಬಿಟ್ಟು, ನಳಿಗೆಯ ಉದ್ದ, ಹಿಡಿಯ ಕಟ್ಟಿಗೆ, ಕೊಂಡವರು ಯಾರು, ಯಾರಿಂದ ಯಾರಿಗೆ ಬಂದಿತು ಎಂದು ಬರೆಯತೊಡಗಿದರು. ಕಡೆಗೆ ನಳಿಗೆಯ ಮೇಲಿನ ಅಂಕೆಯನ್ನು ಬರೆಯುವಾಗ ಅವರ ಲೇಖಣಿ ನಿಂತಿತು.

ಕಬ್ಬಿಣದ ಮೇಲೆ ಕೊನೆಯ ಅಂಕೆ 3 ಇದ್ದಿತು. ಪರವಾನಿಗೆಯ ಪುಸ್ತಕದಲ್ಲಿ 8 ಇದ್ದಿತು. ಸವೆದ ಮೂರನ್ನು ಯಾರೋ ಒಬ್ಬ ಕಾರಕೂನನು ಯಾವಾಗಲೋ ಎಂಟೆಂದು ಓದಿದ್ದನು. ಆ ಮೇಲೆ ನವೀಕರಣವಾದಾಗಲೆಲ್ಲ ಎಂಟು ಎಂಟಾಗಿಯೇ ನಡೆದುಬಂದು, ರಾಷ್ಟ್ರೀಯ ದಾಖಲೆಗಾಗಿ ಪರವಾನಿಗೆಗೆ ಹೊಸ ಗುರುತಿನ ಸಂಖ್ಯೆ ಕೊಟ್ಟಾಗಲೂ ಅದೇ ಸೇರಿಕೊಂಡಿತ್ತು.

ಸಂಗತಿಯು ಸಣ್ಣದೆಂದು ತೋರಬಹುದು, ಅದು ಸಣ್ಣದಾಗಿರಲಿಲ್ಲ. ಈ ಬಂದೂಕನ್ನು ಹೀಗೆಯೇ ಒಪ್ಪಿಸಿದರೆ ಪರವಾನಿಗೆಯಿಲ್ಲದ ಒಂದನ್ನು ಇಷ್ಟು ವರ್ಷ ಇಟ್ಟುಕೊಂಡಂತಾಗುವುದು. ಪರವಾನಿಗೆಯಲ್ಲಿದ್ದ ಎಂಟರ ಬಂದೂಕೆಲ್ಲಿ ಎಂದು ಕೇಳಿದರೆ ಉತ್ತರವಿರದು. ಒಂದು ಅಂಕೆಯ ದೆಸೆಯಿಂದ ಸತ್ಯಸಂಧನು ಎರಡು ಸಲ ಅಪರಾಧಿಯಾಗುವ ಪ್ರಸಂಗವಿದು.

ಬೆಳಗಾವಿಯಿಂದ ಬಂದಿದ್ದ ಅಣ್ಣನ ಮಗನು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ ನಕ್ಕನು.

"ಕಾಕಾ, ಇದಕ್ಯಾಕ ಇಷ್ಟು ಚಿಂತಿ? ಕಾನಸು ತೊಗೊಂಡು ಎರಡು ಸಲ ಎಳದ್ರ ಮೂರು ಹೋಗಿ ಎಂಟಾಗ್ತದ. ಕಾಗದಕ್ಕ ಕಬ್ಬಿಣ ಕೂಡ್ತದ, ಕೆಲಸ ಮುಗೀತು."

ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಬಂದೂಕಿನ ಗುರುತನ್ನು ಅಳಿಸುವುದೂ ತಿದ್ದುವುದೂ ಅಪರಾಧವೆಂದು ಶಸ್ತ್ರ ಕಾಯಿದೆಯ ಎಂಟನೆಯ ಕಲಮು ಹೇಳುತ್ತದೆಂಬುದನ್ನು ಅವರು ಬಲ್ಲರು. ಆದರೆ ಆಡಿದ್ದು ಬೇರೆ ಮಾತು.

"ತಪ್ಪು ಕಾಗದದ್ದು. ಅದಕ್ಕಾಗಿ ಕಬ್ಬಿಣದ ಕಡಿಂದ ಸುಳ್ಳು ಹೇಳಸೂದು ಬ್ಯಾಡಪಾ. ಅದು ನಮ್ಮ ಅಜ್ಜನ ಕೈಯಾಗಿದ್ದದ್ದು."

ಮೊಮ್ಮಗನು ಅಲ್ಲಿಯೇ ಇದ್ದನು. ಶಾಲೆಯಲ್ಲಿ ಹಲಗಲಿಯ ಬೇಡರ ಪಾಠವನ್ನು ಓದಿದ್ದ ಅವನಿಗೆ ಈ ವಿಧೇಯತೆಯು ಒಗ್ಗಲಿಲ್ಲ. "ಅಜ್ಜಾ, ಅವರು ಆಯುಧ ಕೊಡೂದಿಲ್ಲ ಅಂದ್ರಲ್ಲಾ? ನೀವ್ಯಾಕ ಕೊಡ್ತೀರಿ?" ಎಂದನು.

ಹುಡುಗನ ಪ್ರಶ್ನೆಯಲ್ಲಿ ಹುರುಳಿಲ್ಲದೆ ಇಲ್ಲ. 1857ರಲ್ಲಿ ಕಂಪನಿ ಸರಕಾರವು ಜನರ ಆಯುಧಗಳನ್ನು ನೋಂದಾಯಿಸಿ, ಪರವಾನಿಗೆಯಿಲ್ಲದವನ್ನು ಕಿತ್ತುಕೊಳ್ಳುವ ಕಾಯಿದೆಯನ್ನು ತಂದಾಗ, ಆಗ ಮುಧೋಳ ಸಂಸ್ಥಾನದಲ್ಲಿದ್ದ, ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರದಲ್ಲಿ ಸೈನ್ಯವು ಬಂದು ಊರನ್ನು ಸುಟ್ಟಿತು. ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದರು. ಬೇಟೆಯೇ ಬದುಕಾದವರಿಗೆ ಆಯುಧವೆಂದರೆ ಅನ್ನವೂ ಮಾನವೂ ಆಗಿದ್ದಿತು. ಅವರ ಲಾವಣಿಯು ಇಂದಿಗೂ ಈ ನಾಡಿನಲ್ಲಿ ಉಳಿದಿದೆ. ಕೊಡಗಿನಲ್ಲಿಯಾದರೋ ಬ್ರಿಟಿಷರ ಕಾಲದಿಂದಲೇ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಿಗೆಯ ವಿನಾಯಿತಿಯಿದ್ದು, ಕೇಂದ್ರ ಸರಕಾರವು 2019ರಲ್ಲಿ ಅದನ್ನು 2029ರ ವರೆಗೆ ಮುಂದುವರಿಸಿದೆ. ಒಂದೇ ಕರ್ನಾಟಕದಲ್ಲಿ ಕೋವಿಯು ಒಂದೆಡೆ ಗಲ್ಲಿಗೂ ಮತ್ತೊಂದೆಡೆ ಗೌರವಕ್ಕೂ ಕಾರಣವಾಯಿತು.

ಹಿರಿಯರು ಮೊಮ್ಮಗನಿಗೆ ಹೇಳಿದ್ದಿಷ್ಟೇ: "ಅವರನ್ನ ಕೇಳಿ ಆ ಕಾಯ್ದೆ ಮಾಡಿರಲಿಲ್ಲ. ಈಗಿನದನ್ನ ಮಾಡಿದವರನ್ನ ನಾವ ಆರಿಸಿ ಕಳಿಸೇವಿ. ಮನಸ್ಸಿಗೆ ಬರಲಿಲ್ಲ ಅಂದ್ರ ಅರ್ಜಿ ಬರೀಬೇಕು; ಕಾನಸು ಹಿಡೀಬಾರದು."

ಅರ್ಜಿಯನ್ನೇ ಬರೆದರು. ಆದರೆ ಆಧಾರವಿಲ್ಲದ ಅರ್ಜಿಗೆ ಬಲವೆಲ್ಲಿ? ಮಾರ್ಚಿನ ಕೊನೆಯಲ್ಲಿ ಕೊರೋನಾದಿಂದ ದೇಶವೇ ಬಾಗಿಲಿಕ್ಕಿತು. ಬಸ್ಸುಗಳಿಲ್ಲ, ಖಾನಾಪುರದಿಂದ ಬೆಳಗಾವಿಯ ಆರೇಳು ಹರದಾರಿ ದಾರಿಯು ಕಾಶಿಯಷ್ಟು ದೂರವಾಯಿತು. ಗಡುವು ಮಾತ್ರ ದಿನಕ್ಕೊಂದು ಹೆಜ್ಜೆಯಂತೆ ಸಮೀಪಿಸುತ್ತಲೇ ಇದ್ದಿತು. ರಾತ್ರಿ ಹಿರಿಯರಿಗೆ ನಿದ್ರೆ ಬಾರದು. ಸೆರೆಮನೆಗಿಂತಲೂ, ತಾವು ತೀರಿಹೋದ ಮೇಲೆ ಕಳ್ಳ ಬಂದೂಕಿದ್ದ ಮನೆಯೆಂದು ಮಕ್ಕಳು ಕರೆಸಿಕೊಂಡಾರೆಂಬುದೇ ಅವರ ಅಂಜಿಕೆಯಾಗಿದ್ದಿತು.

ಆಧಾರವನ್ನು ಕಂಡುಹಿಡಿದವಳು ಸೊಸೆ. ಮಳೆಗಾಲಕ್ಕೆ ಮುಂಚೆ ದೇವರಮನೆಯ ಅಟ್ಟವನ್ನು ಸ್ವಚ್ಛ ಮಾಡುವಾಗ ಹಳೆಯ ಪಂಚಾಂಗಗಳ ಗಂಟಿನಲ್ಲಿ, ನಾಲ್ಕಾಗಿ ಮಡಿಚಿದ ಒಂದು ಕಾಗದವು ದೊರೆಯಿತು. ಬೆಳಗಾವಿಯು ಮುಂಬಯಿ ಇಲಾಖೆಯಲ್ಲಿದ್ದ ಕಾಲದ, ಅಜ್ಜನ ಹೆಸರಿನ ಮೂಲ ಪರವಾನಿಗೆಯದು. ಮಡಿಕೆಗಳಲ್ಲಿ ಹರಿದಿದ್ದರೂ ಅಂಕೆಯಿದ್ದ ಭಾಗಕ್ಕೆ ಗೆದ್ದಲು ಮುಟ್ಟಿರಲಿಲ್ಲ. ಅಲ್ಲಿ ಸ್ಪಷ್ಟವಾಗಿ 3 ಎಂದಿದ್ದಿತು. ಸೊಸೆಯು ಓದಿ ಹೇಳಿದಾಗ ಹಿರಿಯರು ಕನ್ನಡಕವನ್ನು ತೆಗೆದು ಒರೆಸಿಕೊಂಡು, "ಇನ್ನೊಮ್ಮೆ ಓದವ್ವಾ" ಎಂದರು.

ಸಂಚಾರವು ಪುನಃ ಆರಂಭವಾದ ಮೇಲೆ ಆ ಕಾಗದದ ನಕಲನ್ನೂ ನಳಿಗೆಯ ಛಾಯಾಚಿತ್ರವನ್ನೂ ಲಗತ್ತಿಸಿ ಬೆಳಗಾವಿಗೆ ಹೋಗಿ ಬಂದರು; ಒಂದು ಸಲವಲ್ಲ, ನಾಲ್ಕು ಸಲ. ಅಕ್ಟೋಬರದ ಆರಂಭದಲ್ಲಿ ತಿದ್ದುಪಡಿಯು ಮುದ್ರೆಯೊಡನೆ ಕೈಸೇರಿತು. ಆ ಮಹಾನವಮಿಯಂದು ಆಯುಧಪೂಜೆಯಲ್ಲಿ ಮೂರೂ ಬಂದೂಕುಗಳಿಗೆ ಗಂಧ ಕುಂಕುಮಗಳನ್ನು ಹಚ್ಚಿದರು. ಹಳೆಯದಕ್ಕೆ ಎಣ್ಣೆಯೊರೆಸಿದವನು ಅಣ್ಣನ ಮಗನೇ. ಮರುದಿನ ಬನ್ನಿ ಕೊಡುವಾಗ ಅವನು ಕಾಕಾನ ಪಾದ ಹಿಡಿದು ನಮಸ್ಕರಿಸಿದನು. ಕಾನಸಿನ ಮಾತನ್ನು ಇಬ್ಬರೂ ತೆಗೆಯಲಿಲ್ಲ.

ನವೆಂಬರದಲ್ಲಿ ಹಿರಿಯರು ಬಂದೂಕನ್ನು ಒಂದು ಹಳೆಯ ಧೋತರದಲ್ಲಿ ಸುತ್ತಿಕೊಂಡು ಠಾಣೆಗೆ ಹೋದರು. ಫೌಜದಾರರು ಅಂಕೆಯನ್ನು ತಾಳೆನೋಡಿ, ಪಾವತಿಯನ್ನು ಬರೆದುಕೊಟ್ಟರು. ಅದನ್ನು ಚೋಪಡಿಗೆ ಅಂಟಿಸಿದ ಮೇಲೆ ಹಿರಿಯರು ಕೆಳಗೆ ದಿನಾಂಕವನ್ನು ಬರೆದು, ಸಹಿ ಹಾಕಿ, ಮೊಮ್ಮಗನಿಂದಲೂ ಹಾಕಿಸಿದರು. ಎಪ್ಪತ್ತು ತುಂಬಿದ ಒಡೆಯನ ವಾರಸುದಾರನಿಗೆ ಪರವಾನಿಗೆ ಕೊಡಬಹುದೆಂದು 2016ರ ನಿಯಮಗಳಲ್ಲಿದೆ. ಉಳಿದೆರಡನ್ನು ಬೇಕೆನ್ನುವನೋ ಬೇಡವೆನ್ನುವನೋ, ದೊಡ್ಡವನಾದ ಮೇಲೆ ಅದು ಅವನಿಗೆ ಬಿಟ್ಟದ್ದು. ಬೇಡವೆಂದರೂ ಲೆಕ್ಕವು ಅವನ ಕೈಯಲ್ಲಿರಬೇಕಷ್ಟೆ.

ಮರುವರ್ಷದ ಆಯುಧಪೂಜೆಯಲ್ಲಿ ಎರಡು ಬಂದೂಕುಗಳ ಪಕ್ಕಕ್ಕೆ, ಮೂರನೆಯದರ ಜಾಗದಲ್ಲಿ, ಆ ಚೋಪಡಿಯಿದ್ದಿತು. ಅದನ್ನು ಅಲ್ಲಿ ಇಟ್ಟವರು ಯಾರೆಂದು ಹಿರಿಯರು ಕೇಳಲಿಲ್ಲ. ಉಳಿದವಕ್ಕೆ ಹಚ್ಚಿದಂತೆ ಅದಕ್ಕೂ ಕುಂಕುಮವನ್ನು ಹಚ್ಚಿದರು.