ಸಭೆಯಲ್ಲಿ ಕೇಳದೆ ಉಳಿದ ಪ್ರಶ್ನೆ

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಯ ಕಡೆಗೆ ಹೊರಟರೆ, ಮದ್ದೂರು ಬಂತೆಂದರೆ ಹೊಲಗಳ ಸಾಲು ಮುಗಿದು ಬಂಡೀಪುರದ ಕಾಡು ಶುರುವಾಯಿತೆಂದೇ ಲೆಕ್ಕ. 2009ರಲ್ಲಿ ಬಂದ ನಿಷೇಧದ ಪ್ರಕಾರ ಈ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ, ಕೆಲವು ಬಸ್ಸು ಮತ್ತು ತುರ್ತು ವಾಹನಗಳ ಹೊರತು, ಸಂಚಾರವಿಲ್ಲ. ಅದು ವಾಹನಗಳ ಮಾತಾಯಿತು. ಕಾಡಂಚಿನ ಮಕ್ಕಳಿಗೆ ಗೇಟು ಬೀಳುವುದು ಇನ್ನೂ ಮೊದಲೇ. ಹೊತ್ತು ಮುಳುಗುವ ಮುನ್ನ ಮನೆ ಸೇರಬೇಕೆಂಬುದು ಇಲ್ಲಿ ಯಾರೂ ಬರೆದಿಡದ, ಎಲ್ಲರೂ ಪಾಲಿಸುವ ಕಾನೂನು.

ಇಂಥ ಊರಿನ ಒಬ್ಬ ತಾಯಿಯನ್ನು ನೆನೆಸಿಕೊಳ್ಳಿ. ಚೆಂಡುಹೂವಿನ ಹೊಲದಲ್ಲಿ ಕೂಲಿ. ಮಗಳು ಹತ್ತನೇ ತರಗತಿ. ಪೋಷಕರ ಸಭೆಗೆ ಬರಬೇಕೆಂದು ಮಗಳ ಕೈಯಲ್ಲಿ ಚೀಟಿ ಬಂದಿದೆ. ಸಭೆಗೆ ಹೋದರೆ ಅಂದಿನ ಕೂಲಿ ಹೋಯಿತು. ಆದರೂ ಹೋಗುತ್ತಾಳೆ, ಹಿಂದಿನ ಬೆಂಚಿನ ಮೂಲೆಯಲ್ಲಿ ಕೂರುತ್ತಾಳೆ. ಹಾಜರಿ ಪುಸ್ತಕಕ್ಕೆ ಸಹಿ, ಅಂಕಗಳ ಓದು, ಕಾಂಪೌಂಡಿಗೆ ಸುಣ್ಣ ಬಳಿಸಲು ದೇಣಿಗೆಯ ಮಾತು. ಕೊನೆಗೆ, ‘ಯಾರಾದರೂ ಏನಾದರೂ ಹೇಳುವುದಿದೆಯೇ?’ ಎಂಬ ಪ್ರಶ್ನೆ. ಆಕೆಗೆ ಹೇಳುವುದಿದೆ. ವಿಶೇಷ ತರಗತಿ ಮುಗಿಯುವುದು ಸಂಜೆ ಆರಕ್ಕೆ. ಮಗಳು ನಡೆದು ಬರುವ ದಾರಿಯಲ್ಲಿ ಆನೆಯ ಭಯ. ಆದರೆ ಓದಿದವರ ನಡುವೆ ಎದ್ದು ನಿಂತು ಮಾತಾಡುವುದುಂಟೆ? ಪ್ರಶ್ನೆ ಸೆರಗಿನ ಗಂಟಿನಲ್ಲೇ ಮನೆಗೆ ಮರಳುತ್ತದೆ.

ಆಕೆಯ ಆತಂಕ ಬರಿಯ ಹೆಂಗರುಳಿನದಲ್ಲ, ವಿಜ್ಞಾನವೂ ಆಕೆಯ ಪರವಾಗಿದೆ. ಡಿಸೆಂಬರ್‌ನಲ್ಲಿ ಈ ಭಾಗದಲ್ಲಿ ಸೂರ್ಯ ಸುಮಾರು 6 ಗಂಟೆಗೇ ಮುಳುಗುತ್ತಾನೆ. ಭೂಮಧ್ಯರೇಖೆಗೆ ಹತ್ತಿರದ ನಾಡುಗಳಲ್ಲಿ ಆತ ದಿಗಂತದ ಕೆಳಗೆ ಹೆಚ್ಚುಕಡಿಮೆ ನೆಟ್ಟಗೆ ಇಳಿಯುವುದರಿಂದ ಮುಸ್ಸಂಜೆ ಹೆಚ್ಚು ಹೊತ್ತು ನಿಲ್ಲದು. ಅರ್ಧ ಗಂಟೆಯೊಳಗೆ ಕತ್ತಲು. ಶಾಲೆ ಬಿಟ್ಟು ಎರಡು ಕಿಲೋಮೀಟರ್ ನಡೆಯುವಷ್ಟರಲ್ಲಿ ಬೆಳಕು ಮುಗಿದಿರುತ್ತದೆ.

ಈ ತಾಯಿ ಬಾಯಿ ಬಿಡಲೆಂದೇ ಸರಕಾರ ಒಂದು ವ್ಯವಸ್ಥೆ ಮಾಡಿದೆ. 2001ರ ಏಪ್ರಿಲ್‌ನಲ್ಲಿ ರಾಜಾ ರಾಮಣ್ಣ ಅವರ ನೇತೃತ್ವದ ಕಾರ್ಯಪಡೆಯ ಶಿಫಾರಸಿನಂತೆ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಹುಟ್ಟಿದವು. ಜನರ ಬಾಯಲ್ಲಿ ಅದು ಎಸ್‌ಡಿಎಂಸಿ. ಊರಿನ ಗಣ್ಯರ ಬದಲು ಪೋಷಕರೇ ಶಾಲೆಯ ಉಸ್ತುವಾರಿ ನೋಡಲಿ ಎಂಬುದು ಅದರ ತಿರುಳು. 2009ರ ಶಿಕ್ಷಣ ಹಕ್ಕು ಕಾಯಿದೆ ಇದಕ್ಕೆ ಇನ್ನಷ್ಟು ಬಲ ಕೊಟ್ಟಿತು: ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಶಾಲೆ ನಡೆಯುವ ರೀತಿಯನ್ನು, ಬಂದ ಅನುದಾನ ಖರ್ಚಾದ ಬಗೆಯನ್ನು ಸಮಿತಿ ನೋಡಬೇಕು, ಅಭಿವೃದ್ಧಿ ಯೋಜನೆ ತಯಾರಿಸಬೇಕು.

ಆದರೆ ಸಮಿತಿ ಎಂದೊಡನೆ ಬಹಳ ಮಂದಿಗೆ ಹೊಳೆಯುವುದು ಚಂದಾ ಪುಸ್ತಕ. 2022ರ ಅಕ್ಟೋಬರ್‌ನಲ್ಲಿ ಶಿಕ್ಷಣ ಇಲಾಖೆಯೇ ಒಂದು ಸುತ್ತೋಲೆ ಹೊರಡಿಸಿ, ಸಮಿತಿಗಳು ಪೋಷಕರಿಂದ ತಿಂಗಳಿಗೆ 100 ರೂ. ದೇಣಿಗೆ ಪಡೆಯಬಹುದೆಂದಿತು. ಕಡ್ಡಾಯವಲ್ಲ, ಇಷ್ಟವಿದ್ದವರು ಕೊಡಲಿ ಎಂಬ ಮಾತೂ ಇತ್ತು. ವಿರೋಧ ಎದ್ದಿತು, ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸಾಯಿತು.

ಲೆಕ್ಕ ಹಾಕಿ ನೋಡಿ. 150 ಮಕ್ಕಳ ಶಾಲೆಯಲ್ಲಿ ಎಲ್ಲರೂ ಕೊಟ್ಟರೆ ತಿಂಗಳಿಗೆ 15,000 ರೂ., ಹತ್ತು ತಿಂಗಳಿಗೆ ಒಂದೂವರೆ ಲಕ್ಷ. ಶಾಲೆಗೆ ಅದು ಸಣ್ಣ ಮೊತ್ತವಲ್ಲ. ಇಬ್ಬರು ಮಕ್ಕಳ ಕೂಲಿಯ ತಾಯಿಗೆ ವರ್ಷಕ್ಕೆ 2,000 ರೂ. ಕೂಡ ಸಣ್ಣದಲ್ಲ. ‘ಇಷ್ಟವಿದ್ದವರು’ ಎಂಬ ಮಾತು ಸಭೆಯಲ್ಲಿ ಹೆಸರು ಓದುವಾಗ ಎಲ್ಲಿ ಉಳಿಯುತ್ತದೆ? ಕೊಡದವರ ಮಗು ತಲೆ ತಗ್ಗಿಸುತ್ತದೆ. ಕೊಡಲಾಗದವರು ಮುಂದಿನ ಸಭೆಗೆ ಬರುವುದೇ ಇಲ್ಲ. ಹಣ ಬಂತು, ಪೋಷಕರು ಹೋದರು ಎಂದಾದರೆ ಅದು ನಷ್ಟದ ವ್ಯಾಪಾರ.

ಹಾಗೆಂದು ದೇಣಿಗೆಯೇ ಕೂಡದೆಂದಲ್ಲ. ಹಳೆಯ ವಿದ್ಯಾರ್ಥಿಗಳು, ಊರಿನ ಉಳ್ಳವರು ಮನಸ್ಸು ಮಾಡಿ ಕೊಟ್ಟದ್ದು ಎಷ್ಟೋ ಶಾಲೆಗಳಿಗೆ ಡೆಸ್ಕಾಗಿದೆ, ಪುಸ್ತಕವಾಗಿದೆ, ಪ್ರಯೋಗಾಲಯದ ಗಾಜಿನ ಸಾಮಾನಾಗಿದೆ. ರಸೀದಿ ಇರಲಿ, ಲೆಕ್ಕ ಗೋಡೆಯ ಮೇಲಿರಲಿ. ಕೊಡುವವನು ಮತ್ತು ಕೊಡಲಾಗದವನು ಸಭೆಯಲ್ಲಿ ಒಂದೇ ಬೆಂಚಿನಲ್ಲಿ ಕೂರುವಂತಿರಲಿ, ಅಷ್ಟೆ.

ಪ್ರೌಢಶಾಲೆಯ ಪೋಷಕರಿಗೆ ಇನ್ನೊಂದು ಎಚ್ಚರವೂ ಬೇಕು. ಶಿಕ್ಷಣ ಹಕ್ಕು ಕಾಯಿದೆಯ ಕೈ 6ರಿಂದ 14 ವರ್ಷದವರಿಗೆ, ಎಂಟನೇ ತರಗತಿಯವರೆಗೆ ಮಾತ್ರ ಚಾಚುತ್ತದೆ. ಒಂಬತ್ತು, ಹತ್ತು ಅದರ ಆಚೆ. ಹೆಣ್ಣುಮಕ್ಕಳನ್ನು ‘ಇನ್ನು ಸಾಕು’ ಎಂದು ನಿಲ್ಲಿಸುವ ವಯಸ್ಸೂ ಅದೇ. ಕಾನೂನು ಕೈ ಬಿಟ್ಟ ಆ ಎರಡು ವರ್ಷ ಮಗುವಿನ ಕೈ ಹಿಡಿಯಬೇಕಾದವರು ಮನೆಯವರು ಮತ್ತು ಮೇಷ್ಟ್ರು. ಆ ಇಬ್ಬರೂ ಎದುರುಬದುರು ಕೂರುವ ಜಾಗವೇ ಪೋಷಕರ ಸಭೆ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಆಕೆ ಅದನ್ನು ಕೇಳಲಿಲ್ಲ. ವಾರ ಕಳೆದ ಮೇಲೆ ಮಗಳು ವಿಶೇಷ ತರಗತಿಗೆ ಗೈರು. ತಿಂಗಳ ಮೇಲೆ ಶಾಲೆಗೇ ಗೈರು. ರಿಜಿಸ್ಟರಿನಲ್ಲಿ ಕಾರಣ: ‘ಆಸಕ್ತಿಯಿಲ್ಲ’. ಕೇಳಿದ್ದರೆ? ವಿಶೇಷ ತರಗತಿಯನ್ನು ಸಂಜೆಯ ಬದಲು ಬೆಳಿಗ್ಗೆ ಇಡಬಹುದಿತ್ತು. ಅದೇ ದಾರಿಯ ನಾಲ್ಕು ಮಕ್ಕಳನ್ನು ಜೊತೆಗೂಡಿಸಿ, ಸರದಿಯಂತೆ ಒಬ್ಬ ಹಿರಿಯರು ಹಿಂದೆ ನಡೆಯಬಹುದಿತ್ತು. ಬಸ್ಸಿನ ವೇಳೆ ಬದಲಿಸಿರೆಂದು ಸಮಿತಿ ಸಾರಿಗೆ ಡಿಪೋಗೆ ಮನವಿ ಬರೆಯಬಹುದಿತ್ತು. ಮೂರಕ್ಕೂ ಚಂದಾ ಎತ್ತಬೇಕಾಗಿರಲಿಲ್ಲ.

ಆದ್ದರಿಂದ ಮುಂದಿನ ಸಲ ಸಭೆಯ ಚೀಟಿ ಬಂದಾಗ, ಮಕ್ಕಳೇ, ಅದನ್ನು ಚೀಲದ ತಳದಲ್ಲಿ ಮಡಚಿಡಬೇಡಿ. ಅಪ್ಪ ಅಮ್ಮನಿಗೆ ಓದಿ ಹೇಳಿ. ಪೋಷಕರೇ, ಹೇಳಬೇಕಾದ್ದನ್ನು ಬರೆಯಲು ಬಾರದಿದ್ದರೆ ಮಗಳ ಕೈಯಲ್ಲೇ ಒಂದು ಸಾಲು ಬರೆಸಿಕೊಂಡು ಹೋಗಿ. ಮೇಷ್ಟ್ರುಗಳೂ ‘ಏನಾದರೂ ಹೇಳುವುದಿದೆಯೇ’ ಎಂಬ ಪ್ರಶ್ನೆಯನ್ನು ಕೊನೆಗಿಡದೆ ಮೊದಲಿಗೇ ಇಡಲಿ. ಅದೂ ಹಿಂದಿನ ಬೆಂಚಿನಿಂದ ಶುರುವಾಗಲಿ. ಕಾಡಂಚಿನ ಹುಡುಗಿಯೊಬ್ಬಳು ಬೆಳಕಿರುವಾಗಲೇ ಮನೆ ಸೇರಿದರೆ ಅಂದಿನ ಸಭೆ ಸಾರ್ಥಕ.