ಆಂಡೀಸ್ ಆಚೆಗೊಂದು ಊರು

ಚಿಲಿಯ ರಾಜಧಾನಿ ಸಾಂಟಿಯಾಗೊದಿಂದ ಅರ್ಜೆಂಟೀನಾದ ಮೆಂಡೋಜಕ್ಕೆ ಹಕ್ಕಿ ಹಾರುವ ದಾರಿ ಸುಮಾರು 200 ಕಿ.ಮೀ. ವಿಮಾನದಲ್ಲಿ ಒಂದು ತಾಸೂ ಹಿಡಿಯದು. ರಸ್ತೆಯಲ್ಲಾದರೆ 360 ಕಿ.ಮೀ.ಗೂ ಹೆಚ್ಚು, ಬಸ್ಸಿಗೆ ಏಳೆಂಟು ತಾಸು ಬೇಕು. ನಡುವೆ ಆಂಡೀಸ್ ಪರ್ವತ ಅಡ್ಡ ನಿಂತಿದೆ.

ಲಾಸ್ ಆಂಡೆಸ್ ಪಟ್ಟಣ ದಾಟಿದ ಮೇಲೆ ಏರು ಶುರು. ಮುಂದಿನ ತಿರುವುಗಳ ಸಾಲಿಗೆ 'ಕರಾಕೋಲೆಸ್' ಎಂದು ಹೆಸರು. ಹಾಗೆಂದರೆ ಬಸವನಹುಳುಗಳು! ಹೆಸರಿಗೆ ತಕ್ಕಂತೆ ಲಾರಿಗಳು ಒಂದರ ಹಿಂದೊಂದು ತೆವಳುತ್ತವೆ. ಸುಮಾರು 3,200 ಮೀಟರ್ ಎತ್ತರದಲ್ಲಿ ಸುರಂಗ ಎದುರಾಗುತ್ತದೆ. 1980ರಲ್ಲಿ ತೆರೆದ ಈ ಸುರಂಗದ ಉದ್ದ ಮೂರು ಕಿ.ಮೀ. ಒಳಗೆ ಹೋಗುವಾಗ ಚಿಲಿ, ಹೊರಬರುವಾಗ ಅರ್ಜೆಂಟೀನಾ. ಹಳೆಯ ದಾರಿ ಇನ್ನೂ 600 ಮೀಟರ್ ಮೇಲಕ್ಕೆ ಹತ್ತುತ್ತದೆ. ಅಲ್ಲಿ 1904ರಲ್ಲಿ, ಎರಡೂ ದೇಶಗಳ ಶಾಂತಿಯ ನೆನಪಿಗೆ ನಿಲ್ಲಿಸಿದ ಕ್ರಿಸ್ತನ ಪ್ರತಿಮೆ ಈಗಲೂ ಇದೆ. 1910ರಲ್ಲಿ ಆರಂಭವಾದ ರೈಲು ನಿಂತುಹೋಗಿದೆ. ತುಕ್ಕು ಹಿಡಿದ ಹಳಿಗಳು ಮಾತ್ರ ಅಲ್ಲಲ್ಲಿ ರಸ್ತೆಗೆ ಜೊತೆಯಾಗುತ್ತವೆ.

ಸುರಂಗ ದಾಟಿ ಸ್ವಲ್ಪ ಮುಂದೆ, ಮೋಡವಿಲ್ಲದಿದ್ದರೆ, 6,961 ಮೀಟರ್ ಎತ್ತರದ ಅಕೊಂಕಾಗುವಾ ದರ್ಶನ ಕೊಡುತ್ತದೆ. ಆಮೇಲೆ ಬೋಳು ಬೆಟ್ಟಗಳ ನಡುವೆ ಇಳಿದಿಳಿದು ಮೆಂಡೋಜದ ದ್ರಾಕ್ಷಿ ತೋಟಗಳು. ಮರಳುವಾಗ ಮಾತ್ರ ಎಚ್ಚರ: ಚೀಲದಲ್ಲಿ ಒಂದು ಸೇಬಿದ್ದರೂ ಚಿಲಿಯ ತಪಾಸಣೆಯವರು ಬಿಡುವುದಿಲ್ಲ.

1817ರಲ್ಲಿ ಸ್ಯಾನ್ ಮಾರ್ಟಿನ್‌ನ ಸೈನ್ಯ ಹೇಸರಗತ್ತೆಗಳೊಂದಿಗೆ ಮೆಂಡೋಜದಿಂದ ಹೊರಟು ಈ ಪರ್ವತ ದಾಟಲು ವಾರಗಳೇ ಹಿಡಿದವು. ಈಗಲೂ ಜೂನ್‌ನಿಂದ ಆಗಸ್ಟ್‌ವರೆಗೆ ಹಿಮ ಸುರಿದರೆ ದಾರಿ ದಿನಗಟ್ಟಲೆ ಮುಚ್ಚುತ್ತದೆ. ಎರಡೂ ಕಡೆ ಲಾರಿಗಳ ಸಾಲು ಬೆಳೆಯುತ್ತದೆ. ಹಾಗಾಗಿ ಚಳಿಗಾಲದಲ್ಲಿ ಹೊರಡುವವರು ಮೊದಲು ವಿಚಾರಿಸುವುದು ಒಂದೇ ಮಾತು: ಘಾಟಿ ತೆರೆದಿದೆಯೇ?