ಅವನಿಗೆ ಏನು ಬೇಕಂತೆ?

ಮೊದಲೇ ಹೇಳಿಬಿಡ್ತೀನಿ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಹತ್ತನೇ ಕ್ಲಾಸಿನ ಪ್ರಬಂಧ ಬಿಟ್ಟರೆ ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೋದ ಸೆಮಿಸ್ಟರ್ ಪ್ರತಿ ಶನಿವಾರ ರಾತ್ರಿ ನಮ್ಮ ಹಾಸ್ಟೆಲ್ ರೂಮಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡ್ತಿದ್ವಿ. ಗೊತ್ತಿಲ್ಲದವರಿಗೆ ಎರಡು ಮಾತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ ಇದು. ಒಬ್ಬ ಕಥೆ ಹೇಳ್ತಾನೆ, ಅವನೇ ಡಂಜನ್ ಮಾಸ್ಟರ್. ಉಳಿದವರು ಕಥೆಯೊಳಗಿನ ಪಾತ್ರಗಳು. “ಬಾಗಿಲು ಒಡೀತೀನಿ” ಅಂತ ನೀವು ಹೇಳಿದರೆ, ಒಡೀತೋ ಇಲ್ವೋ ಅಂತ ಇಪ್ಪತ್ತು ಮುಖದ ದಾಳ ಹೇಳುತ್ತೆ. ಎದುರಾಗೋ ರಾಕ್ಷಸರು, ವಿಚಿತ್ರ ಪ್ರಾಣಿಗಳೆಲ್ಲ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಅನ್ನೋ ಪುಸ್ತಕದಲ್ಲಿ ಇರ್ತವೆ. ಒಂದೊಂದಕ್ಕೂ ಇಷ್ಟಿಷ್ಟು ಹಿಟ್ ಪಾಯಿಂಟ್. ಹೊಡೆದು ಹೊಡೆದು ಅದನ್ನ ಸೊನ್ನೆಗೆ ತಂದರೆ ಕಥೆ ಮುಗೀತು.

ನಮ್ಮಲ್ಲಿ ಡಂಜನ್ ಮಾಸ್ಟರ್ ನಾನು. ಪುಸ್ತಕ ತೆಗೆಯೋದು, ಒಂದು ಮಾನ್‌ಸ್ಟರ್ ಬಿಡೋದು, ಎಲ್ಲರೂ ದಾಳ ಉರುಳಿಸೋದು. ಆಟವೆಲ್ಲ ಇಂಗ್ಲಿಷಲ್ಲೇ. ನನ್ನ ರೂಮ್‌ಮೇಟ್ ಕೂಡ ಆಡೋಕೆ ಕೂರ್ತಿದ್ದ. ಅವನ ಊರು ಹಳೇಬೀಡಿನ ಪಕ್ಕದ ಹಳ್ಳಿ, ಹತ್ತನೇವರೆಗೂ ಕನ್ನಡ ಮೀಡಿಯಂ. ಜಾಸ್ತಿ ಮಾತಾಡ್ತಿರಲಿಲ್ಲ.

ಮೂರನೇ ಶನಿವಾರ ನಾನು ಒಬ್ಬ ರಾಕ್ಷಸನನ್ನ ತಂದೆ. ಹೌದು, ಆ ಪುಸ್ತಕದಲ್ಲಿ ನಮ್ಮ ‘ರಾಕ್ಷಸ’ನೂ ಇದ್ದಾನೆ. ಹುಲಿ ತಲೆ, ಹಿಂದುಮುಂದಾದ ಅಂಗೈ. ಎಲ್ಲರೂ ಕತ್ತಿ ತೆಗೆದರು. ರೂಮ್‌ಮೇಟ್ ಮಾತ್ರ ಕನ್ನಡದಲ್ಲಿ ಕೇಳಿದ, “ಅವನಿಗೆ ಏನು ಬೇಕಂತೆ?”

“ಇಟ್ಸ್ ಜಸ್ಟ್ ಎ ಮಾನ್‌ಸ್ಟರ್, ಬ್ರೋ. ರೋಲ್ ಮಾಡು” ಅಂದೆ. ಒಬ್ಬ ಅವನ ಧಾಟಿಯಲ್ಲೇ “ಏನ್ ಬೇಕಂತೆ, ಏನ್ ಬೇಕಂತೆ” ಅಂತ ಆಡಿಕೊಂಡ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ಸುಮ್ಮನೆ ದಾಳ ಉರುಳಿಸಿದ.

ಮುಂದಿನ ಶನಿವಾರ “ಇಂಟರ್ನಲ್ಸ್ ಇದೆ” ಅಂತ ಪುಸ್ತಕ ಹಿಡಿದು ಟೆರೇಸಿಗೆ ಹೋದ. ನಾವಿಬ್ಬರೂ ಒಂದೇ ಸೆಕ್ಷನ್. ಯಾವ ಇಂಟರ್ನಲ್ಸೂ ಇರಲಿಲ್ಲ. ಅದರ ಮುಂದಿನ ವಾರವೂ ಹೋದ. ನಾನು ಏನೂ ಕೇಳಲಿಲ್ಲ.

ಸೆಮಿಸ್ಟರ್ ರಜೆಗೆ ಅವರಮ್ಮ ಫೋನಲ್ಲಿ ನನ್ನನ್ನೂ ಕರೆದಿದ್ದರು. ಬೇಡ ಅನ್ನೋಕೆ ಆಗದೆ ಹೋದೆ. ಹಾಸನದಿಂದ ಹಳೇಬೀಡಿನ ಬಸ್ಸಲ್ಲಿ ಇಬ್ಬರೂ ಇಯರ್‌ಫೋನ್ ಹಾಕ್ಕೊಂಡೇ ಕೂತಿದ್ವಿ. ಮಾರನೇ ದಿನ ಬೆಳಿಗ್ಗೆ ಹೊಯ್ಸಳೇಶ್ವರ ದೇವಸ್ಥಾನಕ್ಕೆ ಕರ್ಕೊಂಡು ಹೋದ. 12ನೇ ಶತಮಾನದಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಶುರುವಾದ ಕಟ್ಟಡ, 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಇಷ್ಟು ನನಗೂ ಗೊತ್ತಿತ್ತು. ಗೋಡೆ ನೋಡೋದು ಹೇಗೆ ಅಂತ ಗೊತ್ತಿರಲಿಲ್ಲ.

ಅವನು ಕೆಳಗಿಂದ ತೋರಿಸ್ತಾ ಬಂದ. ಆನೆ ಸಾಲು, ಸಿಂಹದ ಸಾಲು, ಬಳ್ಳಿ, ಕುದುರೆ, ಪುರಾಣದ ಕಥೆಗಳು. ಹಂಸಗಳ ಕೆಳಗೆ ಒಂದು ಸಾಲಿನ ತುಂಬ ಮಕರ. “ಮೊಸಳೆ ಬಾಯಿ, ಆನೆ ಸೊಂಡಿಲು, ಸಿಂಹದ ಕಾಲು, ಹಂದಿ ಮೈ, ನವಿಲಿನ ಬಾಲ” ಅಂತ ಬೆರಳು ಮಡಚಿದ. ಆಮೇಲೆ ನನ್ನ ಕಡೆ ತಿರುಗಿ, “ಇದಕ್ಕೆ ಹಿಟ್ ಪಾಯಿಂಟ್ ಎಷ್ಟು?” ಅಂದ.

ನನಗೆ ನಗು ಬಂತು, ನಾಚಿಕೆನೂ ಆಯ್ತು. ಗೈಗ್ಯಾಕ್ಸ್ ಅಗ್ಗದ ಪ್ಲಾಸ್ಟಿಕ್ ಆಟಿಕೆ ಪ್ಯಾಕೆಟ್ಟಿನ ಒಂದು ವಿಚಿತ್ರ ಗೊಂಬೆ ನೋಡಿ ಗೂಬೆ-ಕರಡಿ ಸೇರಿದ ‘ಔಲ್‌ಬೇರ್’ ಸೃಷ್ಟಿಸಿದ ಅಂತ ಓದಿ ನಾನು ಖುಷಿಪಟ್ಟಿದ್ದೆ. ಇಲ್ಲಿ ಬಳಪದ ಕಲ್ಲಲ್ಲಿ ಐದು ಪ್ರಾಣಿ ಸೇರಿಸಿ ಸಾಲುಗಟ್ಟಿ ನಿಲ್ಲಿಸಿದ್ದಾರೆ. ಯಾರೂ ಇದನ್ನ ಕೊಲ್ತಿಲ್ಲ. ಮಕರ ಅಂದರೆ ಗಂಗೆಯ ವಾಹನ, ವರುಣನ ವಾಹನ. ದೇವರ ತಲೆ ಮೇಲಿನ ತೋರಣ ಹೊರಡೋದೂ ಅದರ ಬಾಯಿಂದಲೇ.

ಗೋಡೆ ಸುತ್ತುತ್ತಾ ಹೋದ ಹಾಗೆ ಒಬ್ಬೊಬ್ಬ ರಾಕ್ಷಸನದ್ದೂ ಒಂದೊಂದು ಥರ. ನರಸಿಂಹನ ತೊಡೆ ಮೇಲೆ ಹಿರಣ್ಯಕಶಿಪು. ಹಗಲಲ್ಲ ರಾತ್ರಿಯಲ್ಲ, ಒಳಗಲ್ಲ ಹೊರಗಲ್ಲ, ಮನುಷ್ಯನಿಂದಲ್ಲ ಪ್ರಾಣಿಯಿಂದಲ್ಲ ಅಂತ ವರ ಪಡೆದವನು. ಎಷ್ಟು ಹೊಡೆದರೂ ಅವನು ಸಾಯಲ್ಲ. ಆ ವರದಲ್ಲಿ ಎಡ್ಜ್ ಕೇಸ್ ಹುಡುಕಬೇಕು. ಮುಸ್ಸಂಜೆ, ಹೊಸ್ತಿಲು, ಉಗುರು. ಇನ್ನೊಂದು ಕಡೆ ಕೈಲಾಸ ಎತ್ತುತ್ತಿರೋ ರಾವಣ. ಬೆಟ್ಟದಡಿ ಸಿಕ್ಕಿಹಾಕಿಕೊಂಡು, ಹಾಡಿ ಶಿವನನ್ನ ಒಲಿಸಿಕೊಂಡು ವರ ತಗೊಂಡೇ ಎದ್ದುಹೋದವನು. ಎಲ್ಲರಿಗೂ ಏನೋ ಒಂದು ಬೇಕಿತ್ತು. ಆ ಬೇಕು ಇದ್ದಿದ್ದಕ್ಕೇ ಅದು ಕಥೆಯಾಯ್ತು.

ಪಕ್ಕದ ಕೆರೆ ಏರಿ ಮೇಲೆ ಕೂತಾಗ, “ಆವತ್ತು ನಕ್ಕಿದ್ದು ತಪ್ಪಾಯ್ತು ಕಣೋ” ಅಂದೆ. ಅವನು ಸ್ವಲ್ಪ ಹೊತ್ತು ನೀರು ನೋಡ್ತಾ ಇದ್ದ. “ಅದಿರ್ಲಿ ಬಿಡು ಮಗಾ. ನಾನು ಕೇಳಿದ್ದಕ್ಕೆ ನೀನಿನ್ನೂ ಉತ್ತರ ಹೇಳಿಲ್ಲ” ಅಂದ.

ಹೇಳೋಕೆ ನನ್ನ ಹತ್ತಿರ ಉತ್ತರ ಇರಲೇ ಇಲ್ಲ. ಆ ರಾಕ್ಷಸನಿಗೆ ಏನು ಬೇಕು ಅಂತ ನಾನು ಯೋಚನೆಯೇ ಮಾಡಿರಲಿಲ್ಲ.

ಕಾಲೇಜು ಶುರುವಾದ ಮೇಲೆ ಪುಸ್ತಕ ಬದಿಗಿಟ್ಟು ಹೊಸ ಆಟ ಬರೆದೆ, ಕನ್ನಡದಲ್ಲಿ. ಅವನನ್ನ ಕರೆದೆ, ಬಂದ. ಒಂದು ಊರು, ಬತ್ತುತ್ತಿರೋ ಕೆರೆ. ಗದ್ದೆಗೆ ನೀರು ಬಿಡೋಕೆ ಹೋದವರನ್ನೆಲ್ಲ ಒಂದು ಮಕರ ಓಡಿಸ್ತಿದೆ. ಊರವರು ದುಡ್ಡು ಕೊಟ್ಟು ನಮ್ಮ ವೀರರನ್ನ ಕರೆಸಿದ್ದಾರೆ. ರಕ್ತಬೀಜಾಸುರನ ಒಂದೊಂದು ಹನಿ ರಕ್ತಕ್ಕೂ ಒಬ್ಬೊಬ್ಬ ಹುಟ್ಟುತ್ತಿದ್ದನಲ್ಲ, ಅದನ್ನ ಸ್ವಲ್ಪ ಬದಲಾಯಿಸಿದೆ. ಒಂದೊಂದು ಏಟಿಗೂ ಮಕರಕ್ಕೆ ಇನ್ನೊಂದು ಪ್ರಾಣಿಯ ಅಂಗ ಬೆಳೆಯುತ್ತೆ. ಗೂಳಿ ಕೊಂಬು ಬಂತು, ಹದ್ದಿನ ರೆಕ್ಕೆ ಬಂತು. ಹುಡುಗರು ಕಂಗಾಲು.

ಆಗ ರೂಮ್‌ಮೇಟ್ ಅಂದ, “ಕತ್ತಿ ಕೆಳಗಿಡ್ತೀನಿ. ನಿನಗೆ ಏನು ಬೇಕು?”

ಈ ಸಲ ಯಾರೂ ನಗಲಿಲ್ಲ. ಉತ್ತರ ಹೇಳಬೇಕಾದ ಮಕರ ನಾನು. ದನಿ ದಪ್ಪ ಮಾಡಿಕೊಂಡು ಶುರು ಮಾಡಿದೆ. “ಈ ಕೆರೆಯ... ಅದೇ... ನೀರು ಬಿಡೋ ಗೇಟು...” ಪದವೇ ಬರಲಿಲ್ಲ. ಎಲ್ಲರೂ ನನ್ನ ಮುಖ ನೋಡ್ತಿದ್ದಾರೆ. ಕಿವಿ ಬಿಸಿಯಾಯ್ತು. ಅವನಿಗೆ ಆವತ್ತು ಹೇಗಾಗಿತ್ತು ಅಂತ ಆಗ ಗೊತ್ತಾಯ್ತು.

“ತೂಬು” ಅಂದ ಅವನು, ಮೆಲ್ಲಗೆ.

“ಹಾಂ, ತೂಬು. ತೂಬು ಒಡೆದಿದೆ. ನಾನು ಮೈ ಅಡ್ಡ ಇಟ್ಟು ನೀರು ಹಿಡಿದಿದ್ದೀನಿ. ನಾನು ಎದ್ದರೆ ಒಂದೇ ರಾತ್ರಿಗೆ ಕೆರೆ ಖಾಲಿ. ಆಮೇಲೆ ದನಕರುಗಳಿಗೆ ಕುಡಿಯೋಕೂ ನೀರಿರಲ್ಲ.”

ಅಲ್ಲಿಂದ ಒಂದು ಗಂಟೆ ಯಾರೂ ದಾಳ ಮುಟ್ಟಲಿಲ್ಲ. ಗದ್ದೆ ಒಣಗ್ತಿರೋ ಊರವರ ಮಾತೂ ಸುಳ್ಳಲ್ಲ, ಮಕರದ ಮಾತೂ ಸುಳ್ಳಲ್ಲ. ಕೊನೆಗೆ ಮೆಕ್ಯಾನಿಕಲ್ ಹುಡುಗ ಲ್ಯಾಬ್ ರೆಕಾರ್ಡಿನ ಹಿಂದಿನ ಪೇಜಲ್ಲಿ ಹೊಸ ತೂಬಿನ ಚಿತ್ರ ಬರೆದ. ಆವತ್ತು ಆಡಿಕೊಂಡಿದ್ದನಲ್ಲ, ಅವನೇ.

ನೀವೂ ಆಡೋರಾದರೆ ಒಂದೇ ಮಾತು. ಪುಸ್ತಕದಲ್ಲಿರೋ ಯಾವ ಪ್ರಾಣಿ ಬೇಕಾದರೂ ತಗೊಳ್ಳಿ. ಹಿಟ್ ಪಾಯಿಂಟ್ ನೋಡೋಕೆ ಮುಂಚೆ ಅದಕ್ಕೆ ಏನು ಬೇಕು ಅಂತ ಒಂದು ಸಾಲು ಬರೆದಿಟ್ಟುಕೊಳ್ಳಿ. ಯಾರಾದರೂ ಕೇಳಿಯೇ ಕೇಳ್ತಾರೆ.

ಈ ಸೆಮಿಸ್ಟರ್ ಡಂಜನ್ ಮಾಸ್ಟರ್ ಅವನು. ಹೋದ ಶನಿವಾರ ಕತ್ತಲಲ್ಲಿ ಏನೋ ಒಂದು ಬಂದು ನಮ್ಮೆದುರು ನಿಂತಿದೆ. ಏನು ಬೇಕಂತೆ ಅಂತ ಕೇಳಿದೆ. “ಮುಂದಿನ ವಾರ ಬಾ, ಹೇಳ್ತೀನಿ” ಅಂದಿದ್ದಾನೆ.